ನಾಕಾದಲ್ಲಿ ಕೂತ ದನಿ

ನಮ್ಮೂರಲ್ಲಿ ಮೊದಲು ಕಂಬ ನೆಟ್ಟರು, ಆಮೇಲೆ ಮೊಬೈಲಿಗೆ ನೆಟ್ಟು ಬಂತು. ಆದರೆ ಬಂದದ್ದು ಚಿತ್ರ ಮಾತ್ರ. ಸದ್ದನ್ನು ಊರ ಹೊರಗಿನ ಸುಂಕದ ನಾಕಾದಲ್ಲೇ ಇಳಿಸಿಕೊಂಡರು. ಚಿತ್ರಕ್ಕೆ ಪರವಾನಗಿ ಆಗಿತ್ತು, ಸದ್ದಿಗೆ ಆಗಿರಲಿಲ್ಲ. ತಂತಿಯ ಫೋನಿನಲ್ಲಿ ಓಡಾಡುವ ಮಾತಿಗೆ ಎಷ್ಟು ಸುಂಕ ಎಂದು ಸರಕಾರಕ್ಕೆ ಗೊತ್ತಿತ್ತು. ನೆಟ್ಟಿನಲ್ಲಿ ಬರುವ ಮಾತಿಗೆ ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ಗೊತ್ತಾಗುವ ತನಕ ತಡೆ. ತಂತಿಯ ಫೋನು ಸಮುದ್ರ ದಾಟುತ್ತಿರಲಿಲ್ಲ, ನಮ್ಮವರು ಮಾತ್ರ ದಾಟಿಬಿಟ್ಟಿದ್ದರು. ಅವರೆಲ್ಲ ಮೊಬೈಲಿನ ಗಾಜಿನೊಳಗೆ ಬಂದು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಮೀನಿನ ಹಾಗೆ ಕಾಣಿಸಿಕೊಂಡು ಹೋಗುತ್ತಿದ್ದರು. ನಾವೂ ಅವರ ಪಾಲಿಗೆ ಮೀನುಗಳೇ. ಈ ಕಡೆಯಿಂದ ಹೊರಟ ಸದ್ದನ್ನೂ ಅದೇ ನಾಕಾದವರು ಇಳಿಸಿಕೊಳ್ಳುತ್ತಿದ್ದರು.

ನಾಕಾದ ಹಿಂದೆ ಒಂದು ತಗಡಿನ ಗೋದಾಮು. ತಡೆದ ಸದ್ದೆಲ್ಲ ಅದರಲ್ಲಿ. ಸಂತೆಗೆ ಹೋಗುವ ದಾರಿ ಅದರ ಗೋಡೆಗೆ ಹತ್ತಿಕೊಂಡೇ ಇತ್ತು. ಹತ್ತಿರ ಹೋದರೆ ಒಳಗಿನಿಂದ ಜೇನುಹುಟ್ಟಿನ ಹಾಗೆ ಗುಂಯ್ ಎನ್ನುವುದು ಕೇಳಿಸುತ್ತಿತ್ತು. ಎತ್ತುಗಳು ಅಲ್ಲಿ ಕಿವಿ ನಿಗುರಿಸಿ ನಿಂತುಬಿಡುತ್ತಿದ್ದವು. ಗಂಡಂದಿರು ಹೊರದೇಶದಲ್ಲಿದ್ದ ಹುಡುಗಿಯರೂ ನಿಲ್ಲುತ್ತಿದ್ದರು, ಚಪ್ಪಲಿಯಲ್ಲಿ ಮುಳ್ಳು ಹೊಕ್ಕಿದೆ ಎಂಬ ನೆವ ಹೇಳಿ. ಆ ದಾರಿಯಲ್ಲಿ ಮುಳ್ಳಿನ ಗಿಡ ಒಂದೂ ಇರಲಿಲ್ಲ.

ಬರೆದು ತೋರಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಅಕ್ಷರಕ್ಕೆ ಬೇರೆ ಪರವಾನಗಿ. ಸ್ಲೇಟಿನ ಮೇಲೆ ಬರೆದು ಹಿಡಿದರೆ ಸ್ಲೇಟು ಮಸುಕಾಗುತ್ತಿತ್ತು. ಎದೆಯ ಮೇಲೆ ಏನೋ ಅಚ್ಚು ಹಾಕಿದ ಅಂಗಿ ತೊಟ್ಟು ಬಂದವನ ಎದೆಯೇ ಮಾಯವಾಗಿ, ಮುಖ ಮೇಲೊಂದು ಕಡೆ, ಪ್ಯಾಂಟು ಕೆಳಗೊಂದು ಕಡೆ ಉಳಿಯುತ್ತಿತ್ತು. ಊರಿನವರು ಎರಡು ದಿನ ಬೈದರು, ಮೂರನೆಯ ದಿನದಿಂದ ಹೊರದೇಶದ ಹುಡುಗರಿಗೆ ಸಾದಾ ಅಂಗಿ ಕಳಿಸತೊಡಗಿದರು.

ಈ ತಡೆಯಿಂದ ಹೊಟ್ಟೆ ಹೊರೆದುಕೊಂಡವನು ನಾನು. ಹೆಸರು ವಿರೂಪಾಕ್ಷ. ಹೆಸರಿನಲ್ಲೇ ವಿರೂಪ ಇಟ್ಟುಕೊಂಡವನು ದನಿಯನ್ನು ವಿರೂಪಗೊಳಿಸದೆ ಇನ್ನೇನು ಮಾಡಿಯಾನು? ಕಾಲೇಜಿನಲ್ಲಿ ಓದಿದ್ದು ಇತಿಹಾಸ, ಕಲಿತದ್ದು ಪರಿಹಾಸ. ಪ್ರಿನ್ಸಿಪಾಲರ ದನಿಯಲ್ಲಿ ನಾನು ಘೋಷಿಸಿದ ರಜೆಯನ್ನು ಪ್ರಿನ್ಸಿಪಾಲರೇ ನಂಬಿ ಮನೆಗೆ ಹೋದ ಸಂಗತಿ ಊರಿಗೆಲ್ಲ ಗೊತ್ತಿತ್ತು. ಹಾಗಾಗಿ ಮೊಬೈಲಿನಲ್ಲಿ ಮೂಕರು ಕಾಣಿಸಿಕೊಂಡ ಮೊದಲ ವಾರದಲ್ಲೇ ನನಗೆ ಕರೆ ಬರತೊಡಗಿತು. "ನಮ್ಮ ಹುಡುಗ ಬರೂ ಹೊತ್ತಾತು, ದನಿ ಹಚ್ಚಲಿಕ್ಕೆ ಬರ್ರಿ." ದೀಪ ಹಚ್ಚುವ ಹಾಗೆ ದನಿ ಹಚ್ಚುವುದು. ನಾನು ಮೊಬೈಲಿನ ಪಕ್ಕ ಕೂತು, ಒಳಗಿನವರ ತುಟಿ ಹಿಡಿದು, ಅವರ ದನಿಯಲ್ಲಿ ಮಾತಾಡಬೇಕು. ಅರ್ಧ ತುಟಿಯಿಂದಲೇ ತಿಳಿಯುತ್ತದೆ ಎಂದು ನನ್ನ ನಂಬಿಕೆ. ಉಳಿದರ್ಧ, ಕೇಳುವವರಿಗೆ ಬೇಕಾದದ್ದು. ಇದರಲ್ಲಿ ಮುಚ್ಚುಮರೆ ಇರಲಿಲ್ಲ. ಗಂಗಾಬಾಯಿ ಎಂಬ ಮುದುಕಿಯಂತೂ ನಡುವೆಯೇ ನನ್ನ ತೊಡೆ ತಿವಿದು ಹೇಳುತ್ತಿದ್ದಳು: "ಏ ತಮ್ಮಾ, ನನ್ನ ಮಗ ಇಷ್ಟು ಮೆತ್ತಗ ಮಾತಾಡಂವ ಅಲ್ಲ. ಒಂದೀಟು ಬೈದು ಹೇಳು. ಬೈದರನ ನನಗ ನಿದ್ದಿ ಬರ್ತೈತಿ." ನಾನು ಬೈಯುತ್ತಿದ್ದೆ. ಮೊಬೈಲಿನೊಳಗೆ ಪಾಪದ ಹುಡುಗ ನಗುತ್ತಿರುತ್ತಿದ್ದ. ಮುದುಕಿ ಮಾತ್ರ ಸಮಾಧಾನದಿಂದ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು.

ನಾನು ಹೇಳಹೊರಟಿದ್ದು ಕಸ್ತೂರವ್ವನ ಮನೆಯ ಸಂಗತಿ. ಕಸ್ತೂರವ್ವ ಕುಬಸ ಹೊಲಿಯುವವಳು. ಅವಳ ಗಂಡ ಬಾಳಪ್ಪ ನನ್ನ ಕಾಲೇಜಿನ ಗೆಳೆಯ. ಒಂದೇ ಬೆಂಚು, ಒಂದೇ ಕಾಪಿ, ಒಂದೇ ವಿಷಯದಲ್ಲಿ ಇಬ್ಬರೂ ನಪಾಸು. ಮಗಳು ಸಾವಂತ್ರಿ ಇನ್ನೂ ತೊಟ್ಟಿಲಲ್ಲಿದ್ದಾಗ ಅವನು ಮರಳುಗಾಡಿನ ದೇಶವೊಂದಕ್ಕೆ ಕ್ರೇನು ನಡೆಸಲು ಹೋದ. ಅವನ ದನಿ ನನಗೆ ಬಾಯಿಪಾಠ. ಎಳನೀರಿನಂಥ ದನಿ, ಮಾತಿಗೆ ಮೊದಲು ಮೂಗಿನಲ್ಲೊಂದು ಸಣ್ಣ ನಗೆ, 'ಬಂಗಾರಿ' ಎನ್ನುವಾಗ 'ಬಂ' ಮೇಲೆ ಒಂದು ಜೀಕು. ಅದನ್ನೇ ನಾನು ಹಚ್ಚುತ್ತಿದ್ದೆ. ಸಾವಂತ್ರಿ ಅದನ್ನು ಕೇಳುತ್ತ ಅಂಬೆಗಾಲಿಟ್ಟಳು, ನಡೆದಳು, ಶಾಲೆಗೆ ಸೇರಿದಳು.

ಹುಡುಗಿಯ ತಲೆಯಲ್ಲಿ ಗೊಂದಲವೇನೂ ಇರಲಿಲ್ಲ. ಅಪ್ಪನ ಮುಖ ಮೊಬೈಲಿನಲ್ಲಿರುತ್ತದೆ, ದನಿ ವಿರೂಪಾಕ್ಷ ಮಾಮಾನ ಹತ್ತಿರ ಇರುತ್ತದೆ. ಕೆಲವರ ಎತ್ತು ಒಂದು ಕಡೆ, ಗಾಡಿ ಇನ್ನೊಂದು ಕಡೆ ಇರುವುದಿಲ್ಲವೇ, ಹಾಗೆ. ದಾರಿಯಲ್ಲಿ ನಾನು ಸಿಕ್ಕರೆ ಅಂಗಿಯ ತುದಿ ಎಳೆದು ಕೇಳುತ್ತಿದ್ದಳು, "ಮಾಮಾ, ಒಂಚೂರು ಅಪ್ಪನ್ನ ಕೊಡು."

"ಎಷ್ಟು ಕೊಡ್ಲಿ?"

"ಸಾಲಿ ಮುಟ್ಟೂತನಕ."

ನಾನು ಶಾಲೆಯ ಗೇಟಿನ ತನಕ ಬಾಳಪ್ಪನಾಗಿ ಹೋಗುತ್ತಿದ್ದೆ. ಗೇಟಿನಲ್ಲಿ ಅವಳು "ಸಾಕು, ಈಗ ನೀ ಮಾಮಾ ಆಗು" ಎಂದು ಒಳಗೆ ಓಡುತ್ತಿದ್ದಳು.

ಒಂದು ದಿನ ನಾಕಾದ ಗಲಗಲಿ ಸಾಹೇಬರು ಊರೊಳಗೆ ಬಂದರು. ಹೆಸರು ಗಲಗಲಿ, ಕೆಲಸ ಗಲಾಟೆ ತಡೆಯುವುದು. ಈ ವಿಷಯ ನಾನು ಅವರ ಮುಂದೆಯೇ ಹಲವು ಸಲ ಹೇಳಿ ಚಹಾ ಕುಡಿದಿದ್ದೇನೆ. ಅವರು ಚಾವಡಿಯ ಕಟ್ಟೆ ಹತ್ತಿ ನಿಂತು ಗಂಟಲು ಸರಿಮಾಡಿಕೊಂಡರು. "ಸರಕಾರದಿಂದ ಹುಕುಂ ಬಂದದ. ಇನ್ನು ಮುಂದ ನೆಟ್ಟಿನೊಳಗ ಮಾತು ಬಿಡಬಹುದು. ಮನಿಗೆ ದಿನಕ್ಕ ಕಾಲು ತಾಸು. ಮಾತಿಗಷ್ಟ ಪರವಾನಗಿ, ಹಾಡಿಗಿಲ್ಲ."

"ಸಾಹೇಬ್ರ, ನಮ್ಮ ಗಂಗಾಬಾಯಿ ಮಾತೇ ರಾಗದಾಗ ಬರ್ತೈತಲ್ಲ?" ಎಂದು ಯಾರೋ ಕೇಳಿದರು.

"ರಾಗ ಬಂದಲ್ಲಿ ಕಟ್ ಆಗ್ತದ. ಅಕೀಗೆ ಸಪ್ಪಗ ಮಾತಾಡ್ಲಿಕ್ಕೆ ಹೇಳ್ರಿ."

"ಅಳೂದು ಮಾತೋ, ಹಾಡೋ?"

ಸಾಹೇಬರು ಯೋಚಿಸಿದರು. "ಅದಕ್ಕ ಮ್ಯಾಲಿನ ಆಫೀಸಿಗೆ ಬರೀತೀನಿ. ಅಲ್ಲೀತನಕ ಸಣ್ಣಗ ಅಳ್ರಿ."

"ಗೋದಾಮಿನಾಗಿಂದು?" ಇದು ಕಸ್ತೂರವ್ವ ಕೇಳಿದ್ದು.

"ಹಳೀ ಸದ್ದು ಅವಧಿ ಮೀರಿದ್ದು ಅಂತ ಲೆಕ್ಕ. ಅದನ್ನ ಗಾಳಿಗೆ ಬಿಡಬೇಕಂತ ಹುಕುಂ. ಮಂಗಳವಾರ ಮುಂಜಾನೆ ಬಾಗಲಾ ತಗೀತೀನಿ. ಕೇಳಬೇಕಂದವರು ಬರ್ರಿ. ಕಿವಿ ತಮ್ಮ ಜವಾಬ್ದಾರಿ."

ಆ ಮಂಗಳವಾರ ಊರಿನ ಬೀದಿಗಳಲ್ಲಿ ನಾಯಿ ಕೂಡ ಇರಲಿಲ್ಲ. ಎಲ್ಲರೂ ನಾಕಾದ ಬಯಲಿನಲ್ಲಿ. ಕೆಲವರು ಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು ಬಂದಿದ್ದರು. ನನಗಂತೂ ನಿದ್ದೆ ಹತ್ತಿರಲಿಲ್ಲ. ಇಷ್ಟು ವರ್ಷ ನಾನು ಹಚ್ಚಿದ ಮಾತೇನು, ಅವರು ನಿಜಕ್ಕೂ ಆಡಿದ ಮಾತೇನು? ಎಷ್ಟು ಹೊಂದಿದ್ದೀತು? ಪರೀಕ್ಷೆ ಬರೆದು ಉತ್ತರಪತ್ರಿಕೆ ಮರಳಿ ಕಾಣುವ ಆಸೆ ಯಾವ ನಪಾಸು ಹುಡುಗನಿಗೂ ಇರುವುದಿಲ್ಲ, ನನಗೆ ಮಾತ್ರ ಇತ್ತು.

ಸಾಹೇಬರು ಬಾಗಿಲ ಚಿಲಕ ಸರಿಸಿ ಓಡಿ ಪಕ್ಕಕ್ಕೆ ನಿಂತರು. ಮೊದಲು ಬಿಸಿ ಉಸಿರಿನಂಥದ್ದೊಂದು ಬಂತು. ಆಮೇಲೆ ಎಲ್ಲವೂ ಒಂದೇ ಸಲ. ಹಲೋ, ಹಲೋ, ಹಲೋ. ಗಂಡಸರ ಹಲೋ, ಹುಡುಗರ ಹಲೋ, ಬಸ್ಸಿನ ಹಾರ್ನಿನ ನಡುವಿನ ಹಲೋ, ಒಗ್ಗರಣೆಯ ಚುಂಯ್ ನಡುವಿನ ಹಲೋ. ಜನ ಕಿವಿ ಮುಚ್ಚಿಕೊಂಡರು, ಆಮೇಲೆ ಬೆರಳು ಸಡಿಲಿಸಿದರು, ಆಮೇಲೆ ಕಿವಿಗೆ ಅಂಗೈ ಅಡ್ಡ ಹಿಡಿದು ಮುಂದೆ ಬಾಗಿದರು. ಹಲೋಗಳ ಹಿಂದೆ ಇನ್ನೊಂದು ಮಾತು ಮಳೆಯ ಹಾಗೆ ಬೀಳತೊಡಗಿತು.

"ಕೇಳಸ್ತೈತೇನು? ಏ, ಕೇಳಸ್ತೈತೇನು? ನನಗ ಕೇಳಸವಲ್ದು. ನಿಮಗ ಕೇಳಸ್ತೈತೇನು?"

ಅಷ್ಟೇ. ಅದೇ. ಇಡೀ ಗೋದಾಮಿನ ತುಂಬ ಬಹುಪಾಲು ಅದೊಂದೇ ಮಾತು. ನಾನು ಹಚ್ಚಿದ ಪ್ರೀತಿ, ಬೈಗುಳ, ಊಟದ ವಿಚಾರ, ನೆಂಟರ ಸುದ್ದಿ, ಯಾವುದೂ ಅಲ್ಲಿರಲಿಲ್ಲ. ಸಮುದ್ರದಾಚೆಯವರು ವರ್ಷಗಟ್ಟಲೆ ಕೇಳಸ್ತೈತೇನು ಎಂದು ಕೇಳಿದ್ದರು. ಬಯಲಿನಲ್ಲಿ ಒಬ್ಬ ಮುದುಕ ಗೋದಾಮಿನ ಕಡೆ ಕೈಯೆತ್ತಿ "ಕೇಳಸ್ತೈತೋ!" ಎಂದು ಕೂಗಿದ. ಅವನ ಹಿಂದೆ ಇನ್ನೊಬ್ಬರು. ಕೊನೆಗೆ ಊರಿಗೆ ಊರೇ ಆ ತಗಡಿನ ಬಾಗಿಲಿಗೆ ಎದುರಾಗಿ "ಕೇಳಸ್ತೈತಿ, ಕೇಳಸ್ತೈತಿ" ಎಂದು ಅರಚುತ್ತಿತ್ತು. ಸಮುದ್ರದಾಚೆ ಕೂತು ಆ ಪ್ರಶ್ನೆ ಹಾಕಿದವರು ಅದನ್ನು ಮರೆತು ಎಷ್ಟು ಕಾಲವಾಗಿತ್ತೋ.

ಆ ಗದ್ದಲದಲ್ಲಿ ಕಸ್ತೂರವ್ವ ಥಟ್ಟನೆ ನನ್ನ ಮುಂಗೈ ಹಿಡಿದಳು. "ಅಣ್ಣಾ, ಅವರು!"

ನನಗೆ ಬಾಳಪ್ಪ ಎಲ್ಲೂ ಕೇಳಿಸಿರಲಿಲ್ಲ. ಯಾರೋ ಒಬ್ಬ ಒಡಕು ಗಂಟಲಿನವನು "ಕಸ್ತೂರಿ, ಕೇಳಸ್ತೈತೇನು" ಎಂದು ದಾಟಿಹೋಗಿದ್ದ. ತುಕ್ಕು ಹಿಡಿದ ಬಾಗಿಲನ್ನು ಎಳೆದ ಹಾಗೆ.

"ಅದು ಬಾಳ್ಯಾ ಅಲ್ಲ, ತಂಗೀ," ಎಂದೆ.

"ಕಸ್ತೂರಿ ಅಂತ ಕರ್ಯಾವರು ಈ ಭೂಮಿ ಮ್ಯಾಲ ಒಬ್ಬರ. ಉಳಿದವರಿಗೆಲ್ಲ ನಾ ಕಸ್ತೂರವ್ವ."

ಸಾವಂತ್ರಿ ಅವ್ವನ ಸೆರಗು ಹಿಡಿದು ನಿಂತಿದ್ದವಳು ಮುಖ ಎತ್ತಿದಳು. "ಯಾರವ್ವಾ ಅಂವ?"

"ನಿಮ್ಮಪ್ಪ."

"ಅಲ್ಲ," ಎಂದಳು ಹುಡುಗಿ. ಜಗಳದ ದನಿಯಲ್ಲಲ್ಲ, ಲೆಕ್ಕ ತಪ್ಪಿದವರನ್ನು ತಿದ್ದುವ ದನಿಯಲ್ಲಿ. "ಅಪ್ಪನ ದನಿ ಇಲ್ಲೈತಿ." ನನ್ನ ಗಂಟಲಿನ ಕಡೆ ಬೆರಳು ಮಾಡಿದಳು.

ಮರುದಿನದಿಂದ ಮನೆಮನೆಯಲ್ಲಿ ಮಾತು ಬಂತು. ನನ್ನನ್ನು ಯಾರೂ ಕರೆಯಲಿಲ್ಲ. ಗಂಗಾಬಾಯಿಯ ಮಗ ನಿಜಕ್ಕೂ ಬೈದನಂತೆ, ಅವಳು ಆನಂದದಿಂದ ರಾಗ ಎಳೆದಳಂತೆ, ಕಟ್ ಆಯಿತಂತೆ. ಕಸ್ತೂರವ್ವ ಮಾತ್ರ ನನಗೆ ಹೇಳಿಕಳಿಸಿದಳು. ದನಿ ಹಚ್ಚಲಿಕ್ಕಲ್ಲ, ಸುಮ್ಮನೆ ಕೂಡಲಿಕ್ಕೆ.

ಮೊಬೈಲಿನಲ್ಲಿ ಬಾಳಪ್ಪ ಬಂದ. ತಲೆ ಬಾಚಿದ್ದ. ಹಿಂದೆ ಕ್ರೇನಿನ ಗಾಜಿನ ಕೋಣೆ, ಅದರಾಚೆ ಬರೀ ಆಕಾಶ. ಅವನು ಬಾಯಿ ತೆರೆದ. "ಸಾವಂತ್ರೀ... ಅಚ್ಛಾ... ಊಟ... ಆತೇನವಾ?" ಒಂದೊಂದು ಶಬ್ದವನ್ನೂ ಕೊಂಡಿಗೆ ಸಿಕ್ಕಿಸಿ, ಎತ್ತಿ, ತಿರುಗಿಸಿ, ನಿಧಾನಕ್ಕೆ ಕೆಳಗಿಳಿಸಿದ ಹಾಗಿತ್ತು. ಮಧ್ಯೆ ಒಂದು ಕೆಮ್ಮು. ನಾನು ಅದನ್ನು ಕುತೂಹಲದಿಂದ ಕೇಳುತ್ತಿದ್ದೆ. ಎಳನೀರು ಎಲ್ಲಿ ಹೋಯಿತು? ದಿನವಿಡೀ ಆಕಾಶದಲ್ಲಿ ಒಬ್ಬನೇ. ಕೆಳಗಿನವರು ಕೈಸನ್ನೆ ಮಾಡುತ್ತಾರೆ, ಇವನು ಎತ್ತುತ್ತಾನೆ, ಇಳಿಸುತ್ತಾನೆ. ನುಂಗಿದ್ದು ಧೂಳು, ಆಡದ್ದು ಮಾತು. ಮನೆಗೆ ಬಂದ ಚಿತ್ರದಲ್ಲಿ ಅವನು ಸ್ವಲ್ಪ ಬೋಳಾಗಿದ್ದು ನಮಗೆಲ್ಲ ಕಂಡಿತ್ತು. ದನಿಯೂ ಬೋಳಾದದ್ದು ಹೇಗೆ ಕಂಡೀತು?

ಸಾವಂತ್ರಿ ಮೆಲ್ಲಗೆ ಹಿಂದೆ ಸರಿದು ಬಾಗಿಲ ಮರೆಗೆ ಹೋದಳು. ಕಸ್ತೂರವ್ವ ಬೇಡಿಕೊಂಡಳು, "ಬಾರವಾ, ಅಪ್ಪ ಕರ್ಯಾಕತ್ತಾರ."

"ಅಪ್ಪನ ಬಾಯಾಗ ಬ್ಯಾರೇದವರು ಕೂತಾರ," ಎಂದು ಬಾಗಿಲಿನ ಹಿಂದಿನಿಂದ ಉತ್ತರ ಬಂತು. ಮಾತಿಗೆ ಈಗ ಪರವಾನಗಿ ಇತ್ತು. ಅದು ಸಮುದ್ರದಾಚೆಗೂ ಸ್ಪಷ್ಟವಾಗಿ ಕೇಳಿಸಿತು.

ಆ ಸಂಜೆ ಬಾಳಪ್ಪ ನನ್ನ ಮೊಬೈಲಿಗೆ ಬಂದ. "ಲೇ ವಿರೂಪ್ಯಾ, ಕಸ್ತೂರಿ ಹೇಳಿದ್ಲು, ನನ್ನ ದನಿ ನಿನ್ನ ಹತ್ರ ಐತಂತಲ್ಲ?"

"ಐತಿ. ಜೋಪಾನ ಮಾಡೀನಿ."

"ತಮಾಷಿ ಸಾಕು. ಶುಕ್ರವಾರ ಇಲ್ಲಿ ನಮ್ಮ ಕೆಲಸ ನೋಡ್ಕೊಳ್ಳೂ ಮುಕಾದಮ್ ಕೇಳ್ತಾನ, ಮತ್ತ ಮೂರು ವರ್ಷ ಇರ್ತೀಯೋ, ಊರಿಗೆ ಹೋಗ್ತೀಯೋ ಅಂತ. ನಾ ಬಂದಬಿಡಬೇಕಂತ ಮಾಡಿದ್ದೆ. ಈಗ..." ಕೆಮ್ಮಿದ. "ಆ ಕೂಸು ನಾ ಬಾಯಿ ತಗದರ ಬಾಗಲ ಹಿಂದ ಹೋಗಿ ಕೂಡೂದಾದರ, ನಾ ಬಂದು ಏನ್ ಮಾಡ್ಲಿ? ಮಾತಾಡಲಾರದ ಮನ್ಯಾಗಿರೂದಕ್ಕಿಂತ ಕ್ರೇನ್ ಮ್ಯಾಲೇ ಬೇಷಿ. ಇಲ್ಲಿ ಯಾರೂ ನನ್ನ ದನಿ ಕೇಳೂದಿಲ್ಲ."

"ಹಂಗಾರ ಏನಂತಿ?"

"ಕಲಿಸು."

"ಏನ್ ಕಲಿಸ್ಲಿ?"

"ನನ್ನ."

ನಾನು ಕಲಿಸಿದ್ದೇನೆ. ಗಿಣಿಗೆ ಮಾತು ಕಲಿಸಿದ್ದೇನೆ, ನಾಟಕದ ಹುಡುಗರಿಗೆ ರಾಕ್ಷಸನ ನಗೆ ಕಲಿಸಿದ್ದೇನೆ. ಒಬ್ಬ ಮನುಷ್ಯನಿಗೆ ಅವನನ್ನೇ ಕಲಿಸಿದ್ದು ಅದೇ ಮೊದಲು. "ಲೇ ಬಾಳ್ಯಾ, ಬಂಗಾರಿ ಅನ್ನೂ ಮೊದಲ ಮೂಗಿನ್ಯಾಗ ಒಂದು ಸಣ್ಣ ನಗಿ ಬರ್ತೈತಿ ನಿನಗ."

"ಯಾವಾಗ ಬಂದಿತ್ತು?"

"ನಿನಗಲ್ಲ, ನನಗ. ಅಂದ್ರ ನಾ ನೀ ಆದಾಗ."

"ಹಂಗಾರ ಅದು ನಿಂದು."

"ನಿಂದ. ನೀ ಬಿಟ್ಟು ಹೋಗಿದ್ದಿ, ನಾ ಎತ್ತಿಟ್ಟೀನಿ. ಅನ್ನು, ಹ್ಞುಂಹ್, ಬಂಗಾರಿ."

"ಹ್ಞುಂಹ್ಹ್..." ಎಂದವನು ಕೆಮ್ಮತೊಡಗಿದ. ಹೀಗೇ ಕಾಲು ತಾಸು ಮುಗಿಯಿತು. ಮರುದಿನ ಬೆಳಿಗ್ಗೆ ಅವನು ಕ್ರೇನಿನ ಮೇಲೆ ಕೂತೇ ಅಭ್ಯಾಸ ಮಾಡಿದನಂತೆ. ಕೈಯಲ್ಲಿದ್ದ ವೈರ್‌ಲೆಸ್ಸಿನ ಗುಂಡಿ ಒತ್ತಿದ್ದು ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಕಬ್ಬಿಣದ ತೊಲೆ ಹಿಡಿದು ನಿಂತಿದ್ದ ಏಳೆಂಟು ದೇಶದ ಕೂಲಿಗಳಿಗೆಲ್ಲ ಮೇಲಿನಿಂದ "ಹ್ಞುಂಹ್, ಬಂಗಾರಿ, ಊಟ ಆತೇನವಾ" ಎಂದು ಕೇಳಿಬಂತು. ಅವರೆಲ್ಲ ತೊಲೆ ಕೆಳಗಿಟ್ಟು ಊಟಕ್ಕೆ ಹೊರಟರಂತೆ.

ಗುರುವಾರ ಅವನು ತಯಾರಾಗಿ ಬಂದ. ನಾನು ಕಸ್ತೂರವ್ವನ ಮನೆಯಲ್ಲಿ ಹೊಲಿಗೆ ಮಿಶಿನ್ನಿನ ಪಕ್ಕ ನಿಂತಿದ್ದೆ. ಸಾವಂತ್ರಿ ಬಾಗಿಲ ಹತ್ತಿರ, ಅರ್ಧ ಒಳಗೆ, ಅರ್ಧ ಹೊರಗೆ. ಮೊಬೈಲಿನಲ್ಲಿ ಬಾಳಪ್ಪ ಕಣ್ಣು ಮುಚ್ಚಿ, ದೇವರ ನೆನೆದು, ಮೂಗಿನಲ್ಲಿ ನಕ್ಕ. "ಹ್ಞುಂಹ್, ಬಂಗಾರಿ! ಊಟ ಆತೇನವಾ?"

ಬಂದಿತ್ತು! ಜೀಕು ಸಮೇತ ಬಂದಿತ್ತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಕಸ್ತೂರವ್ವ ಗಂಡನ ಮುಖ ಬಿಟ್ಟು ನನ್ನ ಮುಖ ನೋಡಿದಳು. ಸಾವಂತ್ರಿ ಬಾಗಿಲಿನಿಂದ ಹೊರಗೆ ಬಂದಳು, ಮೊಬೈಲಿನ ಹತ್ತಿರ ಹೋಗಲಿಲ್ಲ, ನೆಟ್ಟಗೆ ನನ್ನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಮಾಮಾ, ಬಾಯಿ ಮುಚ್ಚು."

"ಮುಚ್ಚೇ ಐತಲ್ಲವಾ."

"ಮತ್ತ ನಿನ್ನ ದನಿ ಯಾಕ ಬರಾಕತ್ತೈತಿ ಅಲ್ಲಿಂದ?"

ಅವಳು ನನಗೆ ಹತ್ತಿರದ ತಂಬಿಗೆ ಎತ್ತಿ ಕೊಟ್ಟಳು. ನಾನು ಬಾಯಿಗೆ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಂತೆ. ಅವಳು ಮೊಬೈಲಿನ ಕಡೆ ತಿರುಗಿ ಅಪ್ಪಣೆ ಮಾಡಿದಳು, "ಈಗ ಅನ್ನು."

"ಹ್ಞುಂಹ್, ಬಂಗಾರಿ..." ಎಂದ ಬಾಳಪ್ಪ. ಬೆವೆತಿದ್ದ.

"ಮಾಮಾನ್ನ ಮಾಡಬ್ಯಾಡ," ಎಂದಳು ಸಾವಂತ್ರಿ. "ಮಾಮಾನ್ನ ಮಾಡಾಕ ಮಾಮಾ ಅದಾನ. ಚಂದ ಮಾಡ್ತಾನ. ನಿನಗ ಬರೂದಿಲ್ಲ."

ನನ್ನ ಬಾಯೊಳಗಿನ ನೀರು ಮಿಶಿನ್ನಿನ ಮೇಲಿದ್ದ ಯಾರದೋ ಕುಬಸದ ಮೇಲೆ ಹೋಯಿತು. ಕಸ್ತೂರವ್ವ "ಅಯ್ಯ, ಗೌಡರ ಮನೀದು!" ಎಂದು ಕೂಗಿದಳು. ಅದನ್ನು ನೋಡಿ ಬಾಳಪ್ಪ ನಕ್ಕುಬಿಟ್ಟ. ನಾನು ಕಲಿಸಿದ ನಗೆಯಲ್ಲ. ಹೊಟ್ಟೆಯಿಂದ ಹೊರಟು, ಗಂಟಲಿನ ಧೂಳಿನಲ್ಲಿ ಸಿಕ್ಕಿಬಿದ್ದು, ಎರಡು ಕೆಮ್ಮಿನ ನಡುವೆ ನುಸುಳಿ, ಕೊನೆಗೆ ಕಬ್ಬಿಣದ ಸರಪಳಿ ರಾಟೆಯ ಮೇಲಿಂದ ಜಾರಿದ ಹಾಗೆ ಘಳಘಳಘಳ ಎಂದು ಹೊರಬಿದ್ದ ನಗೆ. ಅಂಥದ್ದೊಂದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಹೇಗೆ ಮಾಡುವುದೆಂದು ಮನಸ್ಸಿನಲ್ಲೇ ಹುಡುಕಿದೆ. ಎಲ್ಲಿಂದ ಹಿಡಿಯಬೇಕೆಂದೇ ತಿಳಿಯಲಿಲ್ಲ.

ಸಾವಂತ್ರಿ ಕತ್ತು ಓರೆ ಮಾಡಿ ಕೇಳಿದಳು. ಆಮೇಲೆ ಗಲ್ಲ ಎದೆಗೆ ಒತ್ತಿ, ಗಂಟಲು ಬಿಗಿದು, ಕೆಮ್ಮಿದಳು. ನಕ್ಕಳು. ಘಳಘಳಘಳ. ಅದೇ ಸರಪಳಿ, ಅದೇ ರಾಟೆ, ಅಳತೆಯಲ್ಲಿ ಮಾತ್ರ ಸಣ್ಣದು.

ಮೊಬೈಲಿನಲ್ಲಿ ಬಾಳಪ್ಪ ಬೆಚ್ಚಿದ. "ಏ... ಯಾರದು?"

"ಏ... ಯಾರದು?" ಎಂದಳು ಅವಳು, ಅವನ ಒಡಕಿನಲ್ಲೇ.

"ಅಚ್ಛಾ... ನನ್ನ... ಅಣಕಸ್ತೀಯೇನು?"

"ಅಚ್ಛಾ... ನನ್ನ... ಅಣಕಸ್ತೀಯೇನು?" ಶಬ್ದಗಳನ್ನು ಎತ್ತಿ, ತಿರುಗಿಸಿ, ಇಳಿಸಿದಳು. ಈಗ ಅವಳು ಮೊಬೈಲಿನ ಎದುರಿಗೇ ಮಂಡಿಯೂರಿ ಕೂತಿದ್ದಳು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. "ಇನ್ನೊಂದು ಮಾತಾಡು. ನಿಧಾನ ಆಡು, ನಾ ಕಲೀಬೇಕು."

ಬಾಳಪ್ಪ ಸುತ್ತ ಕಣ್ಣಾಡಿಸಿದ. ಕ್ರೇನಿನ ಕೋಣೆಯಲ್ಲಿದ್ದ ಹಿಡಿಕೆಗಳ ಹೆಸರು ಹೇಳತೊಡಗಿದ. ಇದು ಎತ್ತೂದು, ಇದು ಇಳಸೂದು, ಇದು ತಿರಗಸೂದು, ಇದನ್ನ ಮುಟ್ಟಬಾರದು. ಅವಳು ಒಂದೊಂದನ್ನೂ ಅವನ ದನಿಯಲ್ಲಿ ತಿರುಗಿ ಹೇಳಿದಳು. ಎಲ್ಲೋ ಒಂದು ಕಡೆ ಕೆಮ್ಮು ಜಾಗ ತಪ್ಪಿದಾಗ ಅವನೇ ತಿದ್ದಿದ, "ಅಲ್ಲಲ್ಲ, ಕೆಮ್ಮು ಮೊದಲ ಬರ್ತೈತಿ, ಮಾತು ಆಮ್ಯಾಲ." ಕಾಲು ತಾಸು ಮುಗಿದು ಸದ್ದು ನಿಂತಿತು. ಚಿತ್ರ ಇನ್ನೂ ಇತ್ತು. ಇಬ್ಬರೂ ಬಾಯಿ ಆಡಿಸುತ್ತಲೇ ಇದ್ದರು.

ಶುಕ್ರವಾರ ನನ್ನನ್ನು ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಗೌಡರ ಮನೆಯ ಕುಬಸ ಹಗ್ಗದ ಮೇಲೆ ಒಣಗುತ್ತಿತ್ತು. ಕಸ್ತೂರವ್ವ ಮಿಶಿನ್ನಿಗೆ ದಾರ ಪೋಣಿಸುತ್ತ, ಪೋಣಿಸಿದ್ದನ್ನು ತೆಗೆಯುತ್ತ ಕೂತಿದ್ದಳು. ಬಾಳಪ್ಪ ಬಂದ. ಈ ಸಲ ಹಿಂದೆ ಆಕಾಶವಿರಲಿಲ್ಲ, ಒಂದು ಬಿಳಿ ಗೋಡೆ. ಕೆಳಗಿಳಿದು ಬಂದಿದ್ದ.

"ಮುಕಾದಮ್ ಕೇಳಿದ್ನೇನ್ರಿ?" ಎಂದಳು ಕಸ್ತೂರವ್ವ. ದಾರದ ಮೇಲಿನ ಕಣ್ಣು ಎತ್ತಲಿಲ್ಲ.

ಬಾಳಪ್ಪ ತಲೆಯಾಡಿಸಿದ.

"ಏನಂದ್ರಿ ಅವನಿಗೆ?"

ಅವನು ಬಾಯಿ ತೆರೆದ. ತುಟಿ ಅಲುಗಿತು, ಮಾತು ಬರಲಿಲ್ಲ. ಮುಚ್ಚಿದ. ಮತ್ತೆ ತೆರೆದ. ನಾಕಾದಲ್ಲಿ ಯಾವ ತಡೆಯೂ ಇರಲಿಲ್ಲ, ಕಾಲು ತಾಸು ಇನ್ನೂ ಪೂರ್ತಿ ಉಳಿದಿತ್ತು. ತಡೆ ಅವನ ಗಂಟಲಲ್ಲೇ ಇತ್ತು. ಕಣ್ಣು ತುಂಬಿತ್ತು. ನಾನು ಅಭ್ಯಾಸಬಲದಿಂದ ಅವನ ತುಟಿ ನೋಡಿ, ಏನೆಂದು ತಿಳಿದು, ಬಾಯಿ ತೆರೆಯುವುದರಲ್ಲಿದ್ದೆ. ಸಾವಂತ್ರಿ ಹಿಂತಿರುಗಿ ನೋಡದೆಯೇ ಕೈಯೆತ್ತಿ ನನ್ನನ್ನು ತಡೆದಳು.

ಅವಳು ಮೊಬೈಲಿನ ಪಕ್ಕ ಕೂತು, ಅಪ್ಪನ ತುಟಿ ಹಿಡಿದು, ಗಲ್ಲ ಎದೆಗೊತ್ತಿ, ಮೊದಲು ಕೆಮ್ಮಿದಳು.

"ಕಸ್ತೂರಿ... ಅಚ್ಛಾ... ನಾ ಬರ್ತೀನಿ ಅಂದೆ," ಎಂದಳು, ಒಂದೊಂದೇ ಶಬ್ದವನ್ನು ನಿಧಾನಕ್ಕೆ ಕೆಳಗಿಳಿಸುತ್ತ.

ಮೊಬೈಲಿನೊಳಗೆ ಬಾಳಪ್ಪ ಹೌದು ಹೌದೆಂದು ತಲೆಯಾಡಿಸುತ್ತಿದ್ದ.